ಗಾರ್ಮೆಂಟ್ಸ್ ರೈಟರ್ ನಾನು, ಎಕ್ಸೆಲ್ ಕಲಿಯೋಕೆ 9,500 ಕೊಡಲಾ?

ಲೈನ್7_ರೈಟರ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಪ್ರೊಡಕ್ಷನ್ ರೈಟರ್. ವಯಸ್ಸು 29. ಪಿಯುಸಿ ಕಾಮರ್ಸ್ ಪಾಸು, ಬಿಕಾಂ ಎರಡನೇ ವರ್ಷಕ್ಕೆ ಬಿಟ್ಟೆ. ಮೊದಲು ಹೆಲ್ಪರ್ ಆಗಿದ್ದೆ, ಆಮೇಲೆ ಮೆಷಿನ್ ಮೇಲೆ ಕೂತೆ, ಈಗ ಮೂರು ವರ್ಷದಿಂದ ರೈಟರ್. ಗೊತ್ತಿಲ್ಲದೋರಿಗೆ ಹೇಳ್ತೀನಿ: ಗಂಟೆಗೊಂದು ಸಲ ಲೈನಿನ ಕೊನೇಲಿ ಎಷ್ಟು ಪೀಸ್ ಇಳೀತು ಅಂತ ಎಣಿಸಿ ಬೋರ್ಡ್ ಮೇಲೆ ಬರೀಬೇಕು. ಎಷ್ಟು ಆಲ್ಟರ್ (ತಪ್ಪಾಗಿ ಮತ್ತೆ ಸರಿಮಾಡೋಕೆ ವಾಪಸ್ ಬಂದ ಪೀಸು) ಬಂತು, ಎಷ್ಟು ಜನ ಆಬ್ಸೆಂಟ್ ಅದೂ ಬರೀಬೇಕು. ಸಂಜೆ ಅದನ್ನೆಲ್ಲ ಪುಸ್ತಕಕ್ಕೆ ಇಳಿಸಿ ಆಫೀಸಿಗೆ ಕೊಟ್ಟು ಬರ್ಬೇಕು. ಅಲ್ಲೊಬ್ಬ ಹುಡುಗ ನನ್ನ ಪುಸ್ತಕ ಪಕ್ಕಕ್ಕಿಟ್ಕೊಂಡು ಅದನ್ನೇ ಕಂಪ್ಯೂಟರಿಗೆ ಹೊಡೀತಿದ್ದ. ಅವನ ಸಂಬಳ ನನಗಿಂತ ಆರು ಸಾವಿರ ಜಾಸ್ತಿ. ಕೂತು ಮಾಡೋ ಕೆಲಸ, ತಲೆ ಮೇಲೆ ಫ್ಯಾನು.

ಹೋದ ತಿಂಗಳು ಅವನು ಬಿಟ್ಟ. ಧೈರ್ಯ ಮಾಡಿ ಎಚ್‌ಆರ್ ಮೇಡಂ ಹತ್ರ ಹೋಗಿ ಕೇಳ್ದೆ. "ಎಕ್ಸೆಲ್ ಬರುತ್ತಾ?" ಅಂದ್ರು. ಸ್ವಲ್ಪ ಬರುತ್ತೆ ಅಂದೆ. "ವಿಲುಕಪ್? ಪಿವಟ್?" ಅಂದ್ರು. ಸುಮ್ನೆ ನಿಂತೆ. ಅವರೇನೂ ಬೈಲಿಲ್ಲ, ನಕ್ಕು "ಕಲ್ತು ಬಾ" ಅಂದ್ರು, ಅಷ್ಟೆ. ಆದ್ರೂ ಲೈನಿಗೆ ವಾಪಸ್ ಬರೋವಾಗ ಕಾಲೇ ಬರ್ಲಿಲ್ಲ.

ನಮ್ಮ ಏರಿಯಾದಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇದೆ. "ಅಡ್ವಾನ್ಸ್ಡ್ ಎಕ್ಸೆಲ್ ಮತ್ತು ಎಂಐಎಸ್" (ಅಂದ್ರೆ ಆಫೀಸಿಗೆ ಲೆಕ್ಕದ ರಿಪೋರ್ಟ್ ಮಾಡೋದು), ಎರಡು ತಿಂಗಳು, 9,500 ರೂಪಾಯಿ. ಒಂದೇ ಸಲ ಕಟ್ಟಿದ್ರೆ 8,000. ಸರ್ಟಿಫಿಕೇಟ್ ಕೊಡ್ತಾರಂತೆ. ನನಗೆ ಕೈಗೆ ಬರೋದು 13 ಸಾವಿರ ಚಿಲ್ಲರೆ. ಬಾಡಿಗೆ, ಮಗನ ಸ್ಕೂಲು, ಸಂಘದ ಕಂತು ಕಳೆದ್ರೆ ಏನು ಉಳಿಯುತ್ತೆ ನೀವೇ ಲೆಕ್ಕ ಹಾಕಿ. ಮನೇಲಿ ಲ್ಯಾಪ್‌ಟಾಪ್ ಇಲ್ಲ, ಫೋನ್ ಇದೆ. ರಜ ಭಾನುವಾರ ಮಾತ್ರ.

ಸಾಲ ಮಾಡಿ ಸೇರಲಾ? ಕಡಿಮೆ ದುಡ್ಡಲ್ಲಿ ಬೇರೆ ದಾರಿ ಇದ್ಯಾ? ಸರ್ಟಿಫಿಕೇಟ್ ಇಲ್ದೆ ಯಾರಾದ್ರೂ ಒಳಗೆ ಬಿಟ್ಕೋತಾರಾ?


ಸಿಂಪಲ್_ಶೇಖರ

ಯೂಟ್ಯೂಬಲ್ಲಿ ಎಲ್ಲ ಫ್ರೀ ಇದೆ ಮೇಡಂ. ದುಡ್ಡು ವೇಸ್ಟ್ ಮಾಡ್ಬೇಡಿ.


ಗೋಡೌನ್_ಗುಮಾಸ್ತ

ಶೇಖರ್ ಅವರೇ, "ಯೂಟ್ಯೂಬ್ ನೋಡಿ" ಅನ್ನೋದು "ಮಾರ್ಕೆಟಲ್ಲಿ ತರಕಾರಿ ಇದೆ" ಅಂದ ಹಾಗೆ. ಸಾರು ಮಾಡೋದು ಹೇಗೆ ಅಂತ ಅವರು ಕೇಳ್ತಿರೋದು.

ತಂಗಿ, ನಿಮಗಿಂತ ಹತ್ತು ವರ್ಷಕ್ಕೆ ದೊಡ್ಡವನು, ತಂಗಿ ಅಂದಿದ್ದಕ್ಕೆ ತಪ್ಪು ತಿಳೀಬೇಡಿ. 2012ರಲ್ಲಿ ನಾನು ಯಶವಂತಪುರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಲಾರಿ ರಸೀದಿ ಬರೀತಿದ್ದೆ. ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ, ಬೆರಳೆಲ್ಲ ನೀಲಿ. ಈಗ ನೆಲಮಂಗಲದ ಒಂದು ವೇರ್‌ಹೌಸಲ್ಲಿ ಎಂಐಎಸ್ ನೋಡ್ಕೋತೀನಿ. ಹೊಸಬರನ್ನ ತಗೋಬೇಕಾದ್ರೆ ಟೆಸ್ಟ್ ಕೊಡೋದೂ ನಾನೇ. ಇಲ್ಲೀವರೆಗೆ ಒಂದು ನಲವತ್ತು ಜನಕ್ಕೆ ಕೊಟ್ಟಿರಬಹುದು. ಅವರಲ್ಲಿ ಯಾರ ಸರ್ಟಿಫಿಕೇಟನ್ನೂ ತೆರೆದು ನೋಡಿದ ನೆನಪು ನನಗಿಲ್ಲ.

ಟೆಸ್ಟ್ ಏನು ಅಂತ ಹೇಳಿಬಿಡ್ತೀನಿ, ಗುಟ್ಟೇನಲ್ಲ. ಒಂದು ಫೈಲು, ಎರಡು ಶೀಟು, 30 ನಿಮಿಷ. ಒಂದರಲ್ಲಿ 800 ಸಾಲು ಡಿಸ್‌ಪ್ಯಾಚ್, ಇನ್ನೊಂದರಲ್ಲಿ ಐಟಂ ಕೋಡ್ ಮತ್ತು ರೇಟು. ರೇಟನ್ನ ಮೊದಲನೇ ಶೀಟಿಗೆ ತಂದು ಹಾಕಿ (ಇದಕ್ಕೆ ವಿಲುಕಪ್), ಊರುವಾರು ಒಟ್ಟು ತೋರಿಸಿ (ಇದಕ್ಕೆ ಪಿವಟ್), ಎರಡೆರಡು ಸಲ ಬಂದಿರೋ ಬಿಲ್ ಹುಡುಕಿ. ಬೇಕಂತಲೇ ಹತ್ತಿಪ್ಪತ್ತು ಕೋಡಿನ ಹಿಂದೆ ಒಂದೊಂದು ಸ್ಪೇಸ್ ಬಿಟ್ಟಿರ್ತೀನಿ. ಕಣ್ಣಿಗೆ ಕಾಣಲ್ಲ, ಆದ್ರೆ ವಿಲುಕಪ್ ಅಲ್ಲಿ ಮುಗ್ಗರಿಸುತ್ತೆ. ಬಂದವರಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ಕೂತ್ಬಿಡ್ತಾರೆ. ಟ್ರಿಮ್ ಅನ್ನೋ, ಇಂಗ್ಲಿಷಲ್ಲಿ ನಾಲ್ಕಕ್ಷರದ ಫಾರ್ಮುಲಾ ಹಾಕಿ ಆ ಸ್ಪೇಸ್ ಅಳಿಸಿ ಮುಂದೆ ಹೋಗೋರನ್ನ ನಾನು ತಗೋತೀನಿ. ಮ್ಯಾಕ್ರೊ, ಡ್ಯಾಶ್‌ಬೋರ್ಡು, ಬಣ್ಣಬಣ್ಣದ ಚಾರ್ಟು ಯಾರೂ ಕೇಳಲ್ಲ.

ನಿಮ್ಮ ಪೋಸ್ಟಲ್ಲಿ ನನಗೆ ಮುಖ್ಯ ಅನ್ಸಿದ್ದು ಬೋರ್ಡು. ಮೂರು ವರ್ಷದಿಂದ ದಿನಾ ಸಂಜೆ ಅಂಕಿ ಇಳಿಸ್ತಿದ್ದೀರ. ಕಂಪ್ಯೂಟರ್ ಸೆಂಟರಲ್ಲಿ ಕೊಡೋದು ಯಾರೋ ಕಟ್ಟಿದ ಮಾರ್ಕ್ಸ್ ಕಾರ್ಡಿನ ಉದಾಹರಣೆ. ನಿಮ್ಮ ಹತ್ರ ನಿಜವಾದ ಲೆಕ್ಕ ಇದೆ, ಅದರ ಮೇಲೇ ಕಲೀರಿ. ಸ್ಟೈಲ್ ನಂಬರು, ಬೈಯರ್ ಹೆಸರು ಮಾತ್ರ ಬದಲಾಯಿಸಿ, ಕಂಪನಿ ಫೈಲನ್ನ ಹಾಗೇ ಮನೆಗೆ ತರ್ಬೇಡಿ. ಯಾರಾದ್ರೂ ನೋಡಿದ್ರೆ ಇರೋ ಕೆಲಸಕ್ಕೂ ಕುತ್ತು.

ಈಗ ಮೊದಲನೇ ಪಾಠ. ಇದನ್ನ ನನಗೆ ಯಾರೂ ಹೇಳಿಕೊಡ್ಲಿಲ್ಲ, ಎರಡು ವರ್ಷ ಒದ್ದಾಡ್ದೆ. ಶೀಟಲ್ಲಿ ಬೋರ್ಡ್ ಥರ ಬರೀಬೇಡಿ. ಬೋರ್ಡಲ್ಲಿ ಅಡ್ಡಕ್ಕೆ ಗಂಟೆ, ಕೆಳಗೆ ಲೈನು, ಮೇಲೆ ದೊಡ್ಡದಾಗಿ ತಾರೀಖು ಇರುತ್ತೆ. ನೋಡೋ ಕಣ್ಣಿಗೆ ಅದು ಚೆಂದ. ಎಲ್ರೂ ಕಂಪ್ಯೂಟರಲ್ಲೂ ಹಂಗೇ ಮಾಡ್ತಾರೆ: ದಿನಕ್ಕೊಂದು ಶೀಟು, ಮೇಲೆ ಐದು ಸೆಲ್ ಮರ್ಜ್ ಮಾಡಿ ತಾರೀಖು, ಹಳದಿ ಬಣ್ಣ. ತಿಂಗಳ ಕೊನೇಲಿ ಮ್ಯಾನೇಜರ್ "ಊಟ ಆದ್ಮೇಲಿನ ಗಂಟೇಲಿ ಒಟ್ಟು ಎಷ್ಟು ಪೀಸು?" ಅಂದ್ರೆ 26 ಶೀಟಿಂದ ಕೈಯಲ್ಲಿ ಕೂಡಬೇಕು.

ಹಾಗೆ ಮಾಡೋ ಬದಲು ಒಂದೇ ಶೀಟು, ಒಂದು ಗಂಟೆಗೆ ಒಂದು ಸಾಲು. ಎ ಕಾಲಮಲ್ಲಿ ತಾರೀಖು, ಬಿ ಯಲ್ಲಿ ಲೈನು, ಸಿ ಯಲ್ಲಿ ಎಷ್ಟನೇ ಗಂಟೆ, ಡಿ ಯಲ್ಲಿ ಪೀಸು, ಇ ಯಲ್ಲಿ ಆಲ್ಟರು. ಅದೇ ತಾರೀಖನ್ನ ದಿನಕ್ಕೆ ಎಂಟು ಸಲ ಬರೀಬೇಕಾ ಅಂತ ಅನ್ಸುತ್ತೆ. ಬರೀರಿ. ಒಂದು ಸಲ ಹೊಡೆದು ಕೆಳಗೆ ಎಳೆದ್ರೆ ಆಯ್ತು. (ಕಂಟ್ರೋಲ್ ಒತ್ಕೊಂಡು ಎಳೀರಿ, ಇಲ್ದಿದ್ರೆ ತಾರೀಖು ಒಂದೊಂದು ದಿನ ಮುಂದಕ್ಕೆ ಹೋಗುತ್ತೆ.) ಒಂದು ತಿಂಗಳಿಗೆ 208 ಸಾಲು ಆಗುತ್ತೆ, ಎಕ್ಸೆಲ್‌ನಲ್ಲಿ ಜಾಗ ಇರೋದು 10,48,576 ಸಾಲಿಗೆ, ತುಂಬಿಹೋಗಲ್ಲ. ಇಷ್ಟು ಕೂರಿಸಿದ ಮೇಲೆ ಪಿವಟ್ ಅಂದ್ರೆ ಮೂರು ಸಲ ಎಳೆದು ಬಿಡೋದು, ಅಷ್ಟೆ. ಎಚ್‌ಆರ್ ಮೇಡಂ ಕೇಳಿದ ಪಿವಟ್ ಕಷ್ಟ ಅನ್ನೋರಲ್ಲಿ ಮುಕ್ಕಾಲು ಪಾಲು ಜನರ ಡೇಟಾ ಬೋರ್ಡ್ ಥರ ಇರುತ್ತೆ.

ಎರಡನೇ ಶೀಟಲ್ಲಿ ದಿನಕ್ಕೆ ಒಂದು ಸಾಲು. ಹಾಜರಿದ್ದ ಟೈಲರ್‌ಗಳು, ನಿಮಿಷ, ಒಟ್ಟು ಪೀಸು, ಆ ಸ್ಟೈಲಿನ ಎಸ್‌ಎಂವಿ (ಒಂದು ಪೀಸಿಗೆ ಎಷ್ಟು ನಿಮಿಷ ಬೇಕು ಅಂತ ಲೆಕ್ಕ ಹಾಕಿಟ್ಟಿರೋದು). ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಡಿಪಾರ್ಟ್‌ಮೆಂಟಿನವರು ಎಫಿಶಿಯೆನ್ಸಿ ತೆಗೆಯೋದು ಹೀಗೆ: ಪೀಸನ್ನ ಎಸ್‌ಎಂವಿಯಿಂದ ಗುಣಿಸಿ, ಅದನ್ನ ಜನ ಗುಣಿಸು ನಿಮಿಷದಿಂದ ಭಾಗಿಸಿ. ನಿಮ್ಮ ಲೈನಲ್ಲಿ 38 ಜನ, 480 ನಿಮಿಷ, 22 ನಿಮಿಷದ ಶರ್ಟು, 520 ಪೀಸು ಅಂದ್ಕೊಳ್ಳಿ. 11,440 ಭಾಗಿಸು 18,240, ಅಂದ್ರೆ 62.7 ಪರ್ಸೆಂಟ್. ಆದ್ರೆ ಅವತ್ತು ಮೂರು ಜನ ಆಬ್ಸೆಂಟ್ ಇದ್ದು ಯಾರೂ ಅದನ್ನ ಕಳೆದಿಲ್ಲ ಅಂದ್ರೆ? 35 ಜನಕ್ಕೆ ಲೆಕ್ಕ ಹಾಕಿ, 68.1 ಬರುತ್ತೆ. ಅದೇ ಲೈನು, ಅದೇ ಪೀಸು. ಸೂಪರ್‌ವೈಸರ್‌ಗೆ ಬೈಗುಳ ಬೀಳೋದೋ ಬೇಡವೋ ಅನ್ನೋದು ಆ ಒಂದು ಕಾಲಮ್ ಮೇಲಿದೆ. ಆಬ್ಸೆಂಟ್ ಎಷ್ಟು ಅಂತ ಬರೆಯೋ ಕೈ ನಿಮ್ಮದು. ಆಫೀಸಿನ ಹುಡುಗನಿಗೆ ಇದು ಅಂಕಿ, ನಿಮಗೆ ಇದರ ಹಿಂದೆ ಯಾರಿದಾರೆ ಅಂತ ಗೊತ್ತು. ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿ.

ಇನ್ನು ಕಲೀಬೇಕಾದ್ದು. ಸಮ್, ಸಮ್‌ಇಫ್ಸ್, ಕೌಂಟ್‌ಇಫ್ಸ್, ಇಫ್. ಡಾಲರ್ ಚಿಹ್ನೆ ಹಾಕಿ ಸೆಲ್ ಕಟ್ಟಿಹಾಕೋದು (ಎಫ್4 ಒತ್ತಿದ್ರೆ ತಾನೇ ಬರುತ್ತೆ). ಸಾರ್ಟ್, ಫಿಲ್ಟರ್. ಟೆಕ್ಸ್ಟ್ ಟು ಕಾಲಮ್ಸ್. ಟ್ರಿಮ್. ವಿಲುಕಪ್, ಪಿವಟ್. ಇಷ್ಟೇ. ವಿಲುಕಪ್‌ನಲ್ಲಿ ನಾಲ್ಕು ಮಾತು: ಏನನ್ನ ಹುಡುಕ್ಬೇಕು, ಎಲ್ಲಿ ಹುಡುಕ್ಬೇಕು, ಎಷ್ಟನೇ ಕಾಲಮ್ ತರ್ಬೇಕು, ಕೊನೇದು ಸೊನ್ನೆ. ಆ ಸೊನ್ನೆ ಮರೆತ್ರೆ ಅದು ಸರಿಯಾದ್ದು ಸಿಗದಿದ್ದಾಗ ಹತ್ತಿರದ್ದು ಯಾವುದೋ ತಂದು ಕೂರಿಸುತ್ತೆ, ತಪ್ಪು ಅಂತ ಹೇಳೋದೂ ಇಲ್ಲ. ಈಗ ಎಕ್ಸ್‌ಲುಕಪ್ ಅಂತ ಚೆನ್ನಾಗಿರೋದು ಬಂದಿದೆ. ಆದ್ರೆ 2016, 2019ರ ಎಕ್ಸೆಲ್‌ನಲ್ಲಿ ಅದಿಲ್ಲ, ಫ್ಯಾಕ್ಟರಿಗಳಲ್ಲಿ ಇರೋದು ಬಹಳಷ್ಟು ಹಳೇವೇ. ಮೊದಲು ವಿಲುಕಪ್ ಕಲೀರಿ.

ನನ್ನ ಮಾನ ಹೋದ ಕಥೆ ಒಂದು ಹೇಳ್ತೀನಿ. ಹಿಂದಿನ ಒಂದು ಕಂಪನೀಲಿ ಲೋಡರ್‌ಗಳ ಸಂಬಳದ ಶೀಟು ಮಾಡಿ ಬ್ಯಾಂಕಿಗೆ ಕಳ್ಸಿದ್ದೆ. 14 ಜನಕ್ಕೆ ದುಡ್ಡು ಬೀಳ್ಲೇ ಇಲ್ಲ. ಹಬ್ಬದ ಹಿಂದಿನ ದಿನ. ಅವರೆಲ್ಲ ಗೇಟ್ ಹತ್ರ ನಿಂತ್ಕೊಂಡು ನನ್ನನ್ನೇ ನೋಡ್ತಿದ್ರು. ಆಗಿದ್ದು ಇಷ್ಟೆ: ಅವರ ಅಕೌಂಟ್ ನಂಬರು 16 ಅಂಕಿಯದು. ಎಕ್ಸೆಲ್ ಒಂದು ಸಂಖ್ಯೇಲಿ 15 ಅಂಕಿ ಮಾತ್ರ ನೆನಪಿಡುತ್ತೆ, ಹದಿನಾರನೇದನ್ನ ಸೊನ್ನೆ ಮಾಡುತ್ತೆ. ಮೊದಲು ಅದು ಮಧ್ಯೆ ಇ ಅಕ್ಷರ ಹಾಕಿ ಪ್ಲಸ್ 15 ಅಂತ ವಿಚಿತ್ರವಾಗಿ ತೋರಿಸ್ತು. ನಾನು ಬುದ್ಧಿವಂತ, ಫಾರ್ಮ್ಯಾಟ್ ಬದಲಾಯಿಸಿ ಪೂರ್ತಿ ನಂಬರ್ ಬರೋ ಹಾಗೆ ಮಾಡ್ದೆ, ಕೊನೇ ಅಂಕಿ ಎಲ್ಲರದ್ದೂ ಸೊನ್ನೆ ಆಗಿರೋದನ್ನ ನೋಡ್ಲಿಲ್ಲ. ಕಾಲಮನ್ನ ಮೊದಲೇ ಟೆಕ್ಸ್ಟ್ ಅಂತ ಮಾಡಿ ಆಮೇಲೆ ನಂಬರ್ ಹಾಕಿದ್ರೆ ಈ ತೊಂದ್ರೆ ಇಲ್ಲ. ಅಕೌಂಟ್ ನಂಬರು, ಫೋನ್ ನಂಬರು, ಸೊನ್ನೆಯಿಂದ ಶುರುವಾಗೋ ಟೋಕನ್ ನಂಬರು (ಕೆಲಸಗಾರರ ಗುರುತಿನ ನಂಬರು), ಯಾವುದನ್ನ ಕೂಡಿ ಕಳೆಯಲ್ವೋ ಅದನ್ನ ಸಂಖ್ಯೆ ಅಂತ ನೋಡ್ಬೇಡಿ, ಹೆಸರು ಅಂತ ನೋಡಿ.

ಖರ್ಚಿನ ವಿಷಯ. ಗೂಗಲ್ ಶೀಟ್ಸ್ ಫೋನಲ್ಲಿ ಪುಕ್ಕಟೆ. ಮೈಕ್ರೋಸಾಫ್ಟ್ ಅಕೌಂಟ್ ಮಾಡ್ಕೊಂಡ್ರೆ ಬ್ರೌಸರಲ್ಲಿ ಎಕ್ಸೆಲ್ಲೂ ಪುಕ್ಕಟೆ. ಆದ್ರೆ ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಫಾರ್ಮುಲಾ ಹೊಡೆಯೋದು ನರಕ, ಎರಡೇ ದಿನಕ್ಕೆ ಬಿಟ್ಬಿಡ್ತೀರ. ಒಂದು ಕೀಬೋರ್ಡು, ಒಂದು ಒಟಿಜಿ ಕೇಬಲ್ ತಗೊಂಡು ಫೋನಿಗೆ ಚುಚ್ಚಿ, ಐನೂರರೊಳಗೆ ಮುಗಿಯುತ್ತೆ. ಆ ಎಂಟು ಸಾವಿರ ಹಾಗೇ ಇದ್ರೆ ಇನ್ನಷ್ಟು ಸೇರಿಸಿ ಎಸ್.ಪಿ. ರೋಡಲ್ಲಿ ಹಳೇ ಆಫೀಸ್ ಲ್ಯಾಪ್‌ಟಾಪ್ ನೋಡಿ. ಕಳ್ಳ ಎಕ್ಸೆಲ್ ಹಾಕಿಕೊಡ್ತೀನಿ ಅಂತಾರೆ, ಬೇಡ ಅನ್ನಿ, ಲಿಬ್ರೆಆಫೀಸ್ ಹಾಕಿಸ್ಕೊಳ್ಳಿ, ಪೂರ್ತಿ ಪುಕ್ಕಟೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಅದರ ಕ್ಯಾಲ್ಕ್ (ಎಕ್ಸೆಲ್ ಥರದ್ದೇ) ಪಾಠಗಳು ಕನ್ನಡದಲ್ಲೇ ಇವೆ. ಹೇಳೋ ಧಾಟಿ ಸ್ವಲ್ಪ ಪಠ್ಯಪುಸ್ತಕದ ಥರ, ನಿದ್ದೆ ಬರಬಹುದು. ಆದ್ರೆ ಒಂದೊಂದೂ ಚಿಕ್ಕದು, ನಿಲ್ಲಿಸಿ ನಿಲ್ಲಿಸಿ ಮಾಡ್ಕೊಂಡು ಹೋಗೋಕೆ ಆಗುತ್ತೆ.


ಹಳೇಹುಬ್ಬಳ್ಳಿ_ಹುಡುಗ

ಅಣ್ಣಾರು ಹೇಳಿದ್ದು ಖರೇ ಐತ್ರಿ. ನಾನೂ ಬಿಕಾಂ ಅರ್ಧಕ್ಕ ಬಿಟ್ಟಾಂವನ, ಈಗ ಹುಬ್ಬಳ್ಳ್ಯಾಗ ಒಂದು ಟ್ಯಾಕ್ಸ್ ಆಫೀಸಿನ್ಯಾಗ ಕೆಲಸ ಮಾಡ್ತೀನಿ. ಅಕ್ಕಾರ, ನಿಮಗ ಕಾಮರ್ಸ್ ಬರ್ತೈತಿ ಅಂದ್ರ ಈ ಕಡೆನೂ ಒಂದು ಕಣ್ಣ ಇಡ್ರಿ.

ನಮ್ಮ ದೊಡ್ಡ ಕೆಲಸ ಅಂದ್ರ 2ಬಿ (ಮಾರಿದವ್ರು ಜಿಎಸ್‌ಟಿಗೆ ತೋರ್ಸಿದ ಬಿಲ್ಲಿನ ಪಟ್ಟಿ) ತಾಳೆ ನೋಡೂದು. ತಿಂಗಳ 14ಕ್ಕ ಜಿಎಸ್‌ಟಿ ಪೋರ್ಟಲ್‌ನ್ಯಾಗ 2ಬಿ ಬರ್ತೈತಿ, ಅದನ್ನ ಎಕ್ಸೆಲ್‌ನ್ಯಾಗ ಇಳಿಸಿಕೊಂಡು ಟ್ಯಾಲಿ (ಲೆಕ್ಕ ಬರಿಯೂ ಸಾಫ್ಟ್‌ವೇರ್) ಒಳಗಿನ ಖರೀದಿ ರಜಿಸ್ಟರ್ ಜೋಡಿ ಕೂಡಿಸಿ ನೋಡಬೇಕು. ಕೂಡಲಿಲ್ಲಂದ್ರ ಸಾಹುಕಾರನ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗಿ ವಾಪಸ್ ಹಿಡಕೊಳ್ಳೂದು) ಹೋತು. ಮಾರಿದಾಂವ ಬಿಲ್ ನಂಬರ್ "ಎಸ್‌ಎಲ್ ಗೆರಿ 0047" ಅಂತ ಹಾಕಿರ್ತಾನ, ನಮ್ಮಾಂವ ಟ್ಯಾಲಿಯಾಗ ಬರೇ "47" ಅಂತ ಹೊಡದಿರ್ತಾನ. ವಿಲುಕಪ್ಪಿಗೆ ಹ್ಯಾಂಗ ಗೊತ್ತಾಗಬೇಕ್ರಿ ಇವೆರಡೂ ಒಂದ ಅಂತ? ಅದಕ್ಕ ನಾವು ರೈಟ್ ಫಾರ್ಮುಲಾ ಹಾಕಿ ಕೊನೀ ಅಂಕಿ ಅಷ್ಟ ತಗದು, ಅದಕ್ಕ ಜಿಎಸ್‌ಟಿ ನಂಬರ್ ಜೋಡಿಸಿ, ಎರಡೂ ಕಡೆ ಒಂದ ಥರದ ಕೀಲಿ ಮಾಡ್ಕೋತೀವಿ. ಜಿಎಸ್‌ಟಿ ನಂಬರಿನ್ಯಾಗ 15 ಅಕ್ಷರ. ಮೊದಲಿನ ಎರಡು ರಾಜ್ಯದ್ದು, ನಮ್ಮ ಕರ್ನಾಟಕದ್ದು 29. ಮುಂದಿನ ಹತ್ತು ಪ್ಯಾನ್. ಮಿಡ್ ಫಾರ್ಮುಲಾ ಹಾಕಿ ಮೂರನೇದ್ದರಿಂದ ಹತ್ತು ಅಕ್ಷರ ತಗಿ ಅಂದ್ರ ಪ್ಯಾನ್ ಕೈಯಾಗ.

ಟ್ಯಾಲಿನೂ ಎಜುಕೇಷನಲ್ ಮೋಡ್‌ನ್ಯಾಗ ಪುಕ್ಕಟೆ ಸಿಗತೈತಿ. ತಾರೀಖು ಮಾತ್ರ 1, 2, 31 ಇಷ್ಟ ತಗೋತೈತಿ. ಕಲಿಯಾಕ ಅಷ್ಟ ಸಾಕು. ನಾ ಕಲಿಯೂ ಮುಂದ ನಮ್ಮ ಮಾವನ ಕಿರಾಣಿ ಅಂಗಡಿ ವರ್ಷದ ಲೆಕ್ಕಾ ಎಲ್ಲಾ ಒಂದನೇ ತಾರೀಖಿಗೇ ಹಾಕಿ ಮುಗಿಸಿದ್ದೆ, ನೋಡಿದವರು ಬಿದ್ದು ಬಿದ್ದು ನಕ್ಕರು.


ದುರ್ಗದ_ಸುಜಾತ

ನಾನು ಕ್ಲಾಸಿಗೆ ಹೋಗಿ ಕಲ್ತವಳು, ಚಿತ್ರದುರ್ಗದಲ್ಲಿ, 6,000 ಕೊಟ್ಟು. ಗೋಡೌನ್ ಸರ್ ಹೇಳಿದ್ದರಲ್ಲಿ ತಪ್ಪಿಲ್ಲ. ಆದ್ರೆ ಅವರಿಗೆ ಒಂದು ಗೊತ್ತಿಲ್ಲ.

ನನ್ನ ಹತ್ರ ಲ್ಯಾಪ್‌ಟಾಪ್ ಇತ್ತು, ತಮ್ಮಂದು. ವೀಡಿಯೊನೂ ಇತ್ತು. ಮನೇಲಿ ಕೂತು ಕಲೀತೀನಿ ಅಂತ ಮೂರು ತಿಂಗಳು ನೋಡ್ದೆ. ಲ್ಯಾಪ್‌ಟಾಪ್ ತೆರೆದ್ರೆ ಸಾಕು, ಹಾಲು ಉಕ್ಕಿದೆ ನೋಡು, ಯಾರೋ ಬಂದ್ರು ಕಾಫಿ ಮಾಡು, ಮಗೂನ ಎತ್ಕೋ. ಹೆಂಗಸು ಮನೇಲಿ ಸುಮ್ನೆ ಕೂತಿದ್ರೆ ಅದನ್ನ ಓದು ಅಂತ ಯಾರೂ ಅಂದ್ಕೊಳಲ್ಲ. ಕ್ಲಾಸಿಗೆ ದುಡ್ಡು ಕಟ್ಟಿದ ಮೇಲೆ ನಮ್ಮತ್ತೇನೇ "ಟೈಮಾಯ್ತು ಹೋಗು, ದುಡ್ಡು ಕೊಟ್ಟಿದೀವಿ" ಅನ್ನೋಕೆ ಶುರು ಮಾಡಿದ್ರು. ನಾನು ಆರು ಸಾವಿರ ಕೊಟ್ಟಿದ್ದು ಎಕ್ಸೆಲ್‌ಗಲ್ಲ, ಸಂಜೆ 5ರಿಂದ 6ಕ್ಕೆ.

ಸೇರೋದೇ ಆದ್ರೆ ಮೊದಲು ಹೋಗಿ ಒಂದು ದಿನ ಸುಮ್ನೆ ಕೂತು ನೋಡಿ. ಒಬ್ಬರಿಗೊಂದು ಕಂಪ್ಯೂಟರ್ ಇದ್ಯಾ, ಇಬ್ಬರಿಗೊಂದಾ? ನನ್ನ ಫೈಲ್ ತಂದ್ರೆ ಅದರ ಮೇಲೆ ಹೇಳಿಕೊಡ್ತೀರಾ ಅಂತ ಕೇಳಿ. ಇದಕ್ಕೆ ಮುಖ ಸಿಂಡರಿಸಿದ್ರೆ ಎದ್ದು ಬನ್ನಿ. ಒಂದೇ ಸಲ ಕಟ್ಟಬೇಡಿ, ಡಿಸ್ಕೌಂಟ್ ಹೋದ್ರೆ ಹೋಗ್ಲಿ. ನಮ್ಮ ಬ್ಯಾಚಲ್ಲಿ ಮೇಷ್ಟ್ರು ಅರ್ಧಕ್ಕೇ ಬಿಟ್ಟು ಹೋದ್ರು, ಪೂರ್ತಿ ಕಟ್ಟಿದೋರು ಬಾಯಿ ಬಾಯಿ ಬಡ್ಕೊಂಡ್ರು. ಊರಲ್ಲಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಪಂಚಾಯ್ತಿ ಅರಿವು ಕೇಂದ್ರದಲ್ಲಿ (ಲೈಬ್ರರಿ) ಕಂಪ್ಯೂಟರ್ ಇದ್ಯಾ ವಿಚಾರಿಸಿ, ನಮ್ಮಕ್ಕನ ಊರಲ್ಲಿ ಎರಡಿವೆ, ಬೆಳಗ್ಗೆ ಹೊತ್ತು ಖಾಲಿ ಇರುತ್ತೆ.


ಗೋಡೌನ್_ಗುಮಾಸ್ತ

ಸುಜಾತ ಮೇಡಂ, ಒಪ್ಪಿದೆ. ನಾನು ಕಲಿಯೋವಾಗ ಮದುವೆ ಆಗಿರ್ಲಿಲ್ಲ, ಊಟ ಮೆಸ್ಸಲ್ಲಿ, ರಾತ್ರಿ ಹನ್ನೊಂದರವರೆಗೆ ಸೈಬರ್ ಸೆಂಟರಲ್ಲಿ ಕೂತ್ರೂ ಕೇಳೋರಿರ್ಲಿಲ್ಲ. ಗಂಟೆಗೆ 20 ರೂಪಾಯಿ ಕೊಟ್ಟಿದ್ದು ಮಾತ್ರ ಖರ್ಚು ಅಂತ ಬರ್ಕೊಂಡಿದ್ದೆ, ಆ ಪುರುಸೊತ್ತಿಗೆ ಬೆಲೆ ಕಟ್ಟಿರ್ಲಿಲ್ಲ.


ಕೋಡ್_ಕುಮಾರ

ಎಐ ಕೇಳಿದ್ರೆ ಫಾರ್ಮುಲಾ ಅದೇ ಬರ್ಕೊಡುತ್ತೆ. ಇನ್ನೂ ವಿಲುಕಪ್ ಬಾಯಿಪಾಠ ಮಾಡ್ತಿದೀರಲ್ಲ?


ಗೋಡೌನ್_ಗುಮಾಸ್ತ

ಕುಮಾರ್, ಟೆಸ್ಟಲ್ಲಿ ನಾನು ಫೋನ್ ಇಸ್ಕೊಂಡು ಟೇಬಲ್ ಮೇಲಿಡ್ತೀನಿ. ಮನೇಲಿ ಖಂಡಿತ ಕೇಳ್ಲಿ, "ಇದು ಯಾಕೆ ತಪ್ಪು ಬರ್ತಿದೆ" ಅಂತ ಕೇಳೋಕೆ ಅದು ಒಳ್ಳೇ ಮೇಷ್ಟ್ರು, ಬೇಜಾರೂ ಮಾಡ್ಕೊಳಲ್ಲ. ಆಬ್ಸೆಂಟ್ ಕಳೆದಿದಾರೋ ಇಲ್ವೋ ಅಂತ ಮಾತ್ರ ಅದಕ್ಕೆ ಗೊತ್ತಿರಲ್ಲ. ಕಂಪನಿ ಫೈಲ್ ಅದರೊಳಗೆ ಹಾಕ್ಬೇಡಿ, ಅಷ್ಟೆ.


ಲೈನ್7_ರೈಟರ್

ಮೂರು ವಾರ ಆಯ್ತು, ಎಲ್ರೂ ಕ್ಷಮಿಸಿ. ಶಿಪ್‌ಮೆಂಟ್ ಇತ್ತು, ಓಟಿ ಮೇಲೆ ಓಟಿ.

ಕೋರ್ಸ್ ಸೇರ್ಲಿಲ್ಲ. ಒಂದು ದಿನ ಕೂತು ನೋಡ್ಬಂದೆ, ಸುಜಾತಕ್ಕ ಹೇಳಿದ ಹಾಗೆ. ಮೂರು ಜನಕ್ಕೆ ಒಂದು ಕಂಪ್ಯೂಟರು. ಕೀಬೋರ್ಡ್ ತಗೊಂಡೆ, 350. ಕೇಬಲ್ 80. ಬೆಳಗ್ಗೆ ನಾಲ್ಕೂವರೆಗೆ ಎದ್ದು ನೀರು ಬರೋದರೊಳಗೆ ಮುಕ್ಕಾಲು ಗಂಟೆ. ಅದೊಂದೇ ಹೊತ್ತು ನನ್ನದು. ಭಾನುವಾರ ತಮ್ಮನ ರೂಮಿಗೆ ಹೋಗಿ ಅವನ ಲ್ಯಾಪ್‌ಟಾಪಲ್ಲಿ.

ಗೋಡೌನ್ ಅಣ್ಣ, ಮೊದಲನೇ ವಾರ ನಿಮ್ಮ ಮಾತು ಕೇಳದೆ ಬೋರ್ಡ್ ಥರಾನೇ ಮಾಡ್ದೆ. ಚೆಂದ ಕಾಣ್ತಿತ್ತು. ಪಿವಟ್ ಹಾಕಿದ್ರೆ ಏನೇನೋ ಬಂತು, ಎಲ್ಲ ಅಳಿಸಿ ಸಾಲು ಸಾಲಾಗಿ ಮತ್ತೆ ಹೊಡ್ದೆ. 26 ದಿನದ್ದು ಆಯ್ತು. ಪಿವಟ್ ಬಂದಾಗ ನಾಲ್ಕೂ ಮುಕ್ಕಾಲು ಆಗಿತ್ತು, ಮನೇಲಿ ಎಲ್ರೂ ಮಲಗಿದ್ರು, ಯಾರಿಗೂ ತೋರಿಸೋ ಹಾಗಿಲ್ಲ.

ಅದರಲ್ಲಿ ಒಂದು ಕಂಡಿತು. ಸಂಬಳ 7ಕ್ಕೆ ಆಗುತ್ತೆ. ಅದಾದ ಮೇಲಿನ ಸೋಮವಾರ ನಮ್ಮ ಲೈನಲ್ಲಿ 38ರಲ್ಲಿ 33 ಜನ ಇದ್ರು, ಊರಿಗೆ ಹೋದೋರು ಬಂದಿರಲ್ಲ. ಟಾರ್ಗೆಟ್ ಮಾತ್ರ ಬೋರ್ಡ್ ಮೇಲೆ 38 ಜನದ್ದೇ. ಹಳೇ ಪುಸ್ತಕ ತೆಗೆದು ಹಿಂದಿನ ಎರಡು ತಿಂಗಳು ನೋಡ್ದೆ, ಅಲ್ಲೂ ಹಂಗೇ. ಐಇ ಸರ್‌ಗೆ ಫೋನಲ್ಲೇ ತೋರಿಸ್ದೆ. "ಯಾರು ಮಾಡಿದ್ದು ಇದು?" ಅಂದ್ರು. ನಾನು ಅಂದೆ. ಇನ್ನೊಂದು ಸಲ ನೋಡಿದ್ರು, ಏನೂ ಹೇಳ್ಲಿಲ್ಲ. ನಮ್ಮ ಆಫೀಸಿನ ಸೀಟಿಗೆ ಆಗಲೇ ಯಾರ ಕಡೆಯವನೋ ಒಬ್ಬ ಬಂದು ಕೂತಿದಾನೆ. ಹೋಗ್ಲಿ ಬಿಡಿ.

ಈಗ ಎರಡು ವಿಷಯ. ಒಂದು, ವಿಲುಕಪ್ ಕಲಿಯೋಕೆ ಅಂತ ಟೋಕನ್ ನಂಬರ್ ಇಟ್ಕೊಂಡು ಹೆಸರು ತರೋಕೆ ನೋಡ್ದೆ. ಕೆಲವಕ್ಕೆ ಬರುತ್ತೆ, ಕೆಲವಕ್ಕೆ ಎನ್ಎ (ಸಿಗ್ಲಿಲ್ಲ) ಅಂತ ಬರುತ್ತೆ. ಟ್ರಿಮ್ ಹಾಕಿದ್ರೆ ಎಲ್ಲಕ್ಕೂ ಎನ್ಎ! ನಂಬರ್ ಎರಡೂ ಕಡೆ ಒಂದೇ ಇದೆ, ಕಣ್ಣಾರೆ ನೋಡ್ದೆ. ಹೆಸರು ಇಟ್ಕೊಂಡು ಹುಡುಕೋಣ ಅಂದ್ರೆ ಆ ಲಿಸ್ಟು ಯಾವುದೋ ಕಾಲದ್ದು, ಫೋನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ ಕಲಸಿಟ್ಟ ಹಾಗೆ ಕಾಣುತ್ತೆ.

ಎರಡನೇದು, ದಾಬಸ್‌ಪೇಟೆ ಕಡೆ ಬೇರೆ ಫ್ಯಾಕ್ಟರೀಲಿ ಸ್ಟೋರ್ಸ್ ಅಸಿಸ್ಟೆಂಟ್ ಕೆಲಸ ಇದೆಯಂತೆ. ಶನಿವಾರ ಟೆಸ್ಟು. ಮೌಸ್ ಅವರೇ ಕೊಡ್ತಾರಾ? ನನಗೆ ಲ್ಯಾಪ್‌ಟಾಪಿನ ಆ ಚೌಕದ ಮೇಲೆ ಬೆರಳು ಓಡಲ್ಲ. ನಾನೇ ತಗೊಂಡೋದ್ರೆ ನಗ್ತಾರಾ?


ಗೋಡೌನ್_ಗುಮಾಸ್ತ

ತಂಗಿ, ನಾಲ್ಕೂ ಮುಕ್ಕಾಲಿಗೆ ನಮಗೆ ತೋರಿಸಿದ್ರಲ್ಲ, ಸಾಕು.

ಎನ್ಎ ವಿಷಯ: ಸೆಲ್ಲಿನೊಳಗೆ ಟೋಕನ್ ಎಡಕ್ಕೆ ಅಂಟಿದ್ಯಾ, ಬಲಕ್ಕಾ ನೋಡಿ. ಬಲಕ್ಕಿದ್ರೆ ಅದು ಸಂಖ್ಯೆ, ಎಡಕ್ಕಿದ್ರೆ ಅಕ್ಷರ. ನಿಮ್ಮ ಕಣ್ಣಿಗೆ 1043 ಎರಡೂ ಒಂದೇ, ಎಕ್ಸೆಲ್‌ಗೆ ಬೇರೆ ಬೇರೆ. ಟ್ರಿಮ್ ಏನು ಕೊಟ್ರೂ ಅಕ್ಷರ ಮಾಡಿ ವಾಪಸ್ ಕೊಡುತ್ತೆ, ಅದಕ್ಕೇ ಬರ್ತಿದ್ದದ್ದೂ ಹೋಯ್ತು. ಎರಡೂ ಕಡೆ ಒಂದೇ ಜಾತಿ ಮಾಡಿ. ಪಕ್ಕದಲ್ಲಿ ಒಂದು ಕಾಲಮ್ ತಗೊಂಡು ಟೋಕನ್‌ನ ಒಂದರಿಂದ ಗುಣಿಸಿದ್ರೆ ಸಂಖ್ಯೆ ಆಗುತ್ತೆ. ನಿಮ್ಮಲ್ಲಿ ಸೊನ್ನೆಯಿಂದ ಶುರುವಾಗೋ ಟೋಕನ್ ಇದ್ರೆ ಹಾಗೆ ಮಾಡ್ಬೇಡಿ, ಎರಡೂ ಕಡೆ ಟೆಕ್ಸ್ಟ್ ಮಾಡಿ.

ಕಲಸಿದ ಹಾಗೆ ಕಾಣೋ ಲಿಸ್ಟು ಹಳೇ ನುಡಿ ಫಾಂಟಿನಲ್ಲಿ ಹೊಡೆದಿದ್ದು. ಒಳಗಿರೋದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ. ಯೂನಿಕೋಡಿಗೆ (ಈಗಿನ ಫೋನಲ್ಲಿ ಓದೋಕಾಗೋ ಕನ್ನಡ) ಬದಲಾಯಿಸೋ ಸೌಲಭ್ಯ ನುಡಿಯಲ್ಲೇ ಇದೆ. ಬದಲಾಯಿಸಿದ ಮೇಲೂ ಹೆಸರಿಟ್ಟು ಮಾತ್ರ ಹೊಂದಿಸ್ಬೇಡಿ. "ಮಂಜುನಾಥ್" ಅನ್ನೋದರ ಕೊನೇಲಿ ಒತ್ತಕ್ಷರ ತಪ್ಪಿಸೋಕೆ ಕಾಣದ ಅಕ್ಷರವೊಂದು ಕೂತಿರಬಹುದು, ಟ್ರಿಮ್ಮಿಗೂ ಅದು ಬಗ್ಗಲ್ಲ. ಅದೂ ಅಲ್ದೆ ಒಂದು ಲೈನಲ್ಲಿ ಮೂರು ಮಂಜುಳ ಇರ್ತಾರೆ. ಟೋಕನ್ನೇ ಸರಿ.

ಮೌಸ್ ತಗೊಂಡೇ ಹೋಗಿ. ಟೆಸ್ಟಿಗೆ ಕೊಡೋದು ಯಾವಾಗ್ಲೂ ಆಫೀಸಲ್ಲಿ ಯಾರಿಗೂ ಬೇಡವಾದ ಲ್ಯಾಪ್‌ಟಾಪು, ನಮ್ಮಲ್ಲಿರೋದರ ಎಂಟರ್ ಕೀ ಎರಡು ಸಲ ಗುದ್ದಬೇಕು. ಫೈಲ್ ತೆರೆದ ತಕ್ಷಣ ಎಫ್12 ಒತ್ತಿ ನಿಮ್ಮ ಹೆಸರಲ್ಲಿ ಸೇವ್ ಮಾಡಿ, ಆಮೇಲೆ ಕೈ ಹಾಕಿ. ತಾರೀಖಿನ ಕಾಲಮ್ ಇದ್ರೆ ಮೊದಲು ಅದನ್ನ ನೋಡಿ. ಅಮೆರಿಕದ ಬೈಯರ್ ಕಡೆಯಿಂದ ಬಂದ ಫೈಲಲ್ಲಿ ತಿಂಗಳು ಮೊದಲು ಇರುತ್ತೆ, 05/08 ಅಂದ್ರೆ ಅವರಿಗೆ ಮೇ 8, ನಮಗೆ ಆಗಸ್ಟ್ 5. 13ನೇ ತಾರೀಖಿನಿಂದ ಆಚೆಗಿನವು ಎಡಕ್ಕೆ ಅಂಟಿದ್ರೆ ಅಲ್ಲೇ ಗಡಬಡ ಇದೆ ಅಂತ ಅರ್ಥ. ಏನಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಕೇಳಿ, "ಈ ತಾರೀಖು ಯಾವ ಕ್ರಮದಲ್ಲಿದೆ ಸರ್" ಅಂತ. ನನ್ನ ಹತ್ರ ಟೆಸ್ಟಿಗೆ ಬಂದೋರು ಯಾರೂ ಇದುವರೆಗೆ ಆ ಪ್ರಶ್ನೆ ಕೇಳಿಲ್ಲ.


ದುರ್ಗದ_ಸುಜಾತ

ಆ ಸೋಮವಾರದ ಲೆಕ್ಕ ಶನಿವಾರ ಟೆಸ್ಟ್ ಮಾಡೋರಿಗೂ ತೋರಿಸಿ. ಫೋನಲ್ಲಲ್ಲ, ಒಂದು ಹಾಳೆ ಪ್ರಿಂಟ್ ತೆಗೆಸ್ಕೊಂಡು ಹೋಗಿ. ಬೈಯರ್ ಹೆಸರು ತೆಗೆದು.


ಲೈನ್7_ರೈಟರ್

ಎಡಕ್ಕೇ ಇತ್ತು ಅಣ್ಣ! ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಈಗ ಎಲ್ಲ ಬಂತು.

ಪ್ರಿಂಟ್ 5 ರೂಪಾಯಿ ಅಂದ, ಎರಡು ತೆಗೆಸ್ದೆ. ಶನಿವಾರ ಹನ್ನೊಂದಕ್ಕೆ. ಲೈನಲ್ಲಿ ಮಗನಿಗೆ ಜ್ವರ ಅಂತ ಹೇಳಿದೀನಿ, ದೇವರು ಕ್ಷಮಿಸ್ಲಿ. ಮೌಸ್ ತಮ್ಮಂದು, ವೈರ್ ಇರೋದು, ಬ್ಯಾಗಿಗೆ ಹಾಕಿಟ್ಟಿದೀನಿ.